ಸಾಹೇಬರು ಓಡಾಡುವ ಕಾರು

ನಮ್ಮಪ್ಪ ಕಾರು ಕೊಂಡದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, ನೆಲಮಂಗಲದಲ್ಲಿ ಅವರ ಮರದ ಡಿಪೋ ಚೆನ್ನಾಗಿ ನಡೆಯುತ್ತಿದ್ದ ಕಾಲದಲ್ಲಿ. ಅಷ್ಟೇ ದುಡ್ಡಿಗೆ ಬೆಂಗಳೂರು ದಂಡಿನಲ್ಲಿ ಅಮೆರಿಕದ ದೊಡ್ಡ ಕಾರೊಂದು ಸಿಗುತ್ತಿತ್ತು. ನಾವು ಮಕ್ಕಳೆಲ್ಲ ಅದರಲ್ಲಿ ಕಾಲು ಚಾಚಿ ಕೂರಬಹುದಿತ್ತು. ಅಪ್ಪ ಅದರ ಬಾಗಿಲನ್ನೂ ತೆಗೆದು ನೋಡಲಿಲ್ಲ. ಅವರ ಕಣ್ಣೆಲ್ಲ ಪಕ್ಕದ ಕಪ್ಪು ಇಂಗ್ಲಿಷ್ ಕಾರಿನ ಮೇಲೆ, ಅದರ ಬಾನೆಟ್ಟಿನ ಮೇಲೆ ಹೊಳೆಯುತ್ತಿದ್ದ ಕಂಪನಿಯ ಗುರುತಿನ ಮೇಲೆ.

"ಇದು ಸಾಹೇಬ್ರು ಓಡಾಡೋ ಕಾರು ಕಣೆ. ಇದು ಬಂದು ನಿಂತ್ರೆ ಸಾಕು, ಜನ ತಾವಾಗೇ ಮರ್ಯಾದೆ ಕೊಡ್ತಾರೆ," ಎಂದು ಅಮ್ಮನಿಗೆ ಹೇಳಿದರು. ಎಂಜಿನ್ ಹೇಗಿದೆ ಎಂದು ಅವರು ಯಾರನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ. ಗತ್ತಿಗೆ ದುಡ್ಡು ಕೊಟ್ಟರು, ಕಾರು ಅದರ ಜೊತೆಗೆ ಬಂತು.

ಅಮ್ಮನಿಗೆ ಕಂಪನಿಗಳ ಹೆಸರು ಗೊತ್ತಿರಲಿಲ್ಲ. ಅವಳಿಗೆ ಬೇಕಿದ್ದದ್ದು ಇಷ್ಟೇ: ಒಮ್ಮೆ ತವರುಮನೆ ಮುಂದೆ ಕಾರಿನಿಂದ ಇಳಿಯಬೇಕು. ಅವಳ ಮದುವೆಯಲ್ಲಿ, ಸೂಲಿಬೆಲೆ ಕಡೆಯ ಆ ಹಳ್ಳಿಯವರು ಮರ ಕುಯ್ಯುವವನಿಗೆ ಹೆಣ್ಣು ಕೊಟ್ಟರಲ್ಲ ಎಂದು ಅಜ್ಜಿಯ ಎದುರೇ ಆಡಿಕೊಂಡಿದ್ದರಂತೆ. ಅಜ್ಜಿಗೆ ಕಣ್ಣು ಮಂಜಾಗುತ್ತಿದೆ ಎಂಬ ಸುದ್ದಿ ಬಂದಾಗಿನಿಂದ ಅಮ್ಮನಿಗೆ ಒಂದೇ ಆತುರ. "ಪೂರ್ತಿ ಕಾಣದಂಗೆ ಆಗೋದ್ರೊಳಗೆ, ನಾನು ಕಾರಿಳಿಯೋದನ್ನ ನಮ್ಮವ್ವ ನೋಡ್ಬೇಕು," ಎನ್ನುತ್ತಿದ್ದಳು.

ಪೆಟ್ರೋಲಿಗೆ ಆಗ ರೇಷನ್. ಅಪ್ಪ ಕೂಪನ್ ಕೂಡಿಟ್ಟು, ಒಂದು ಬೆಳಿಗ್ಗೆ ಅಮ್ಮನನ್ನೂ ಹಿರಿಮಗಳಾದ ನನ್ನನ್ನೂ ಕೂರಿಸಿಕೊಂಡು ಹೊರಟರು. ಅಮ್ಮ ಹೊಸ ರೇಷ್ಮೆ ಸೀರೆ ಉಟ್ಟಿದ್ದಳು. ಹೊಸಕೋಟೆ ದಾಟಿದ ಮೇಲೆ ಸೆರಗು ಸರಿಮಾಡಿಕೊಳ್ಳುವುದೇ ಅವಳ ಕೆಲಸವಾಯಿತು.

ಬೆಳೆದ ರಾಗಿಯಲ್ಲಿ ಇಂತಿಷ್ಟನ್ನು ಸರ್ಕಾರಕ್ಕೆ ಅಳೆಯಲೇಬೇಕು ಎಂಬ ಲೆವಿ ಆಗ ಜಾರಿಯಲ್ಲಿತ್ತು. ಆ ಸೀಮೆಗೆ ವಸೂಲಿಗೆ ಬರುತ್ತಿದ್ದ ಸಾಹೇಬರದ್ದೂ ಇದೇ ಕಂಪನಿಯ ಕಪ್ಪು ಕಾರು. ಬಾನೆಟ್ಟಿನ ಆ ಗುರುತನ್ನು ಅಲ್ಲಿನ ಎಳೆ ಮಕ್ಕಳೂ ಬಲ್ಲವು. ಹೊಲ ಗದ್ದೆ ಇಲ್ಲದ ನಮಗೆ ಅದೆಲ್ಲ ಹೇಗೆ ತಿಳಿಯಬೇಕು?

ಕೆರೆ ಏರಿ ಇಳಿದು ಊರೊಳಗೆ ಬಂದರೆ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಹಾಡಹಗಲಲ್ಲೇ ಬಾಗಿಲುಗಳೆಲ್ಲ ಮುಚ್ಚಿದ್ದವು. "ಹೊಲಕ್ಕೆ ಹೋಗಿರ್ಬೇಕು," ಎಂದರು ಅಪ್ಪ, ಜೋರಾಗಿ ಹಾರನ್ ಒತ್ತುತ್ತ.

ಅಜ್ಜಿಯ ಮನೆ ಬಾಗಿಲು ಮಾತ್ರ ತೆರೆದಿತ್ತು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು, ಒಳಗೆ ಯಾರೂ ಇರಲಿಲ್ಲ. ಅಮ್ಮ ಮುಂದೆ, ನಾನು ಹಿಂದೆ, ಹಿತ್ತಲಿಗೆ ಹೋದೆವು. ಸೋದರಮಾವ ತಿಪ್ಪೆಯಲ್ಲಿ ಗುಂಡಿ ತೋಡಿ ರಾಗಿ ಮೂಟೆ ಇಳಿಸುತ್ತಿದ್ದ. ಆತುರಕ್ಕೆ ಚೀಲ ಹರಿದು ರಾಗಿ ಸಗಣಿಯ ಮೇಲೆಲ್ಲ ಚೆಲ್ಲಿತ್ತು. ಅಜ್ಜಿ ಮಂಡಿಯೂರಿ, ಬರಿಗೈಯಲ್ಲಿ ಅದರ ಮೇಲೆ ಗೊಬ್ಬರ ಎಳೆಯುತ್ತಿದ್ದಳು. ಹೆಜ್ಜೆ ಸಪ್ಪಳಕ್ಕೆ ತಿರುಗಿದಳು. ಅವಳ ಮಂಜುಗಣ್ಣಿಗೆ ಕಂಡದ್ದು ರೇಷ್ಮೆ ಸೀರೆ ಉಟ್ಟ ಯಾರೋ ದೊಡ್ಡ ಮನೆಯ ಹೆಂಗಸು.

ಸಗಣಿ ಮೆತ್ತಿದ ಎರಡೂ ಕೈಗಳನ್ನು ಮುಗಿದಳು. "ಬಿತ್ತನೆಗೆ ಮಡಗಿದ್ದು ಕಣ್ತಾಯಿ, ಇದೊಂದೇ ಮೂಟೆ. ಸಾಹೇಬ್ರಿಗೆ ನೀನಾದ್ರೂ ಹೇಳವ್ವ."

ಹೆತ್ತ ತಾಯಿ ಮಗಳಿಗೆ ಕೈಮುಗಿದು ಬೇಡುವುದನ್ನು ನಾನು ನೋಡಿದೆ. ಅಪ್ಪನ ಮೇಲೆ, ಆ ಹಾಳು ಕಾರಿನ ಮೇಲೆ ನನಗೆ ಬಂದ ಸಿಟ್ಟು ಇಷ್ಟು ವರ್ಷವಾದರೂ ಪೂರ್ತಿ ಇಳಿದಿಲ್ಲ.

ಅಮ್ಮ ಓಡಿಹೋಗಿ ಆ ಕೈಗಳನ್ನು ಹಿಡಿದು ಬಿಡಿಸಿದಳು. "ಅವ್ವಾ, ನಾನು ಕಣವ್ವಾ! ನಿನ್ ಮಗಳು!"

ಅಜ್ಜಿ ಅವಳ ಮುಖವನ್ನು ತಡವಿ, ಗುರುತು ಹಿಡಿದು, ಹೋ ಎಂದು ಅತ್ತಳು. ಆಮೇಲೆ ಅಮ್ಮ ಸೀರೆ ಎತ್ತಿಕಟ್ಟಿ ತಿಪ್ಪೆಯ ಪಕ್ಕದಲ್ಲೇ ಕೂತು, ರಾಗಿ ಬಾಚಿ ಬಾಚಿ ಮೊರಕ್ಕೆ ಹಾಕತೊಡಗಿದಳು. ನಾನೂ ಕೂತೆ. ಅಷ್ಟು ಹೊತ್ತಿಗೆ ಅಪ್ಪ ಬಂದು ಹಿತ್ತಲ ಬಾಗಿಲಲ್ಲಿ ನಿಂತರು.

ಅಜ್ಜಿ ಬೀದಿಯ ಕಡೆ ಕಿವಿಗೊಟ್ಟಳು. "ಮತ್ತೆ ಆ ಪಾಪಿ ಕಾರು ಬಂತಲ್ಲೇ ಮಗಳೇ. ಅದ್ಯಾರ್ದು?"

ಈ ಪ್ರಶ್ನೆಗಾಗಿ ಅಮ್ಮ ಎಷ್ಟು ದಿನದಿಂದ ಕಾದಿದ್ದಳೋ. ಅವಳು ಒಮ್ಮೆ ಅಪ್ಪನ ಮುಖ ನೋಡಿದಳು.

"ನಮ್ದಲ್ಲ ಕಣವ್ವ," ಎಂದಳು. "ಬಾಡಿಗೆಗೆ ತಂದಿದ್ದು. ನಮ್ಮನ್ನ ಇಳಿಸ್ತಲ್ಲ, ಈಗ ಹೊರಟೋಗುತ್ತೆ."

ಅಪ್ಪ ಹೋಗಿ ಕಾರು ಸ್ಟಾರ್ಟ್ ಮಾಡಿಕೊಂಡು ಹೊರಟುಬಿಟ್ಟರು.