ನಡು ತರಗತಿಯ ಜರ್ಮನ್

ಅರವತ್ತರ ದಶಕದ ಆರಂಭದಲ್ಲಿ ನಾನು ಮೈಸೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೆ. ಸಂಶೋಧನೆಗೆ ಹೋಗುವ ಆಸೆಯಿತ್ತು. ಅದಕ್ಕೆ ಜರ್ಮನ್ ಬೇಕಿತ್ತು. ಸಂಜೆ ತರಗತಿಗೆ ಸೇರಿಕೊಂಡೆ. ಮೊದಲನೆಯದು, ನಡುವಿನದು, ಮೇಲಿನದು ಎಂದು ಅಲ್ಲಿ ಮೂರು ಹಂತ. ಮೊದಲನೆಯದು ಸಲೀಸಾಗಿ ಮುಗಿಯಿತು. ನಡುವಿನದರಲ್ಲಿ ಬರವಣಿಗೆಯೆಲ್ಲ ಸರಿಹೋಗಿ, ಮಾತಿನ ಪರೀಕ್ಷೆಯಲ್ಲಿ ಬಾಯಿ ಕಟ್ಟಿಹೋಯಿತು.

"ವಾಕ್ಯಾನ ಮನಸ್ಸಲ್ಲೇ ಬರೆದು, ತಿದ್ದಿ, ಆಮೇಲೆ ಬಾಯಿ ಬಿಡ್ತೀರಿ ಕಣಮ್ಮ. ಅಷ್ಟು ಹೊತ್ತು ಯಾರು ಕಾಯ್ತಾರೆ? ಇನ್ನೊಂದು ವರ್ಷ ಇಲ್ಲೇ ಇರಿ" ಎಂದರು ಮೇಷ್ಟ್ರು.

ನನಗೆ ಅವಮಾನವಾಯಿತು. ಅಂದಿನಿಂದ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕಾಲೇಜಿನಿಂದ ಒಂಟಿಕೊಪ್ಪಲಿನ ಮನೆಯವರೆಗೂ ಕ್ರಿಯಾಪದಗಳನ್ನು ಗೊಣಗುತ್ತ ನಡೆಯುತ್ತಿದ್ದೆ. "ದಾರೀಲಿ ಒಬ್ಬಳೇ ಮಾತಾಡ್ಕೊಂಡು ಬರ್ತೀಯಂತೆ. ಜನ ಏನಂದ್ಕೊಂಡಾರು? ಸಾಕು ಬುಡೇ ಆ ಭಾಷೆ" ಎಂದು ಅಮ್ಮ ಗದರಿದಳು. ಬಿಡುವುದಕ್ಕೂ ಮನಸ್ಸಿಲ್ಲ, ಹೋಗುವುದಕ್ಕೂ ಮುಖವಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಆಸ್ಪತ್ರೆಯಿಂದ ಕರೆ ಬಂತು. ಕಾರ್ಖಾನೆಯೊಂದಕ್ಕೆ ಯಂತ್ರ ಕೂಡಿಸಲು ಬಂದಿದ್ದ ಜರ್ಮನ್ ಎಂಜಿನಿಯರನ ಹೆಂಡತಿಗೆ ವಿಪರೀತ ಜ್ವರ. ಗಂಡ ಮದರಾಸಿಗೆ ಹೋಗಿದ್ದ. ಆಕೆಗೆ ಇಂಗ್ಲಿಷ್ ಬಾರದು. ಮೇಷ್ಟ್ರು ಊರಲ್ಲಿರಲಿಲ್ಲ, ಯಾರೋ ನನ್ನ ಹೆಸರು ಹೇಳಿದ್ದರು. ಕೂಡಲೇ ಆಸ್ಪತ್ರೆಗೆ ಹೊರಟೆ.

"ನಿಮಗೆ ಜರ್ಮನ್ ಬರುತ್ತಂತಲ್ಲಮ್ಮ?" ಎಂದರು ಡಾಕ್ಟರು. ಬರುತ್ತದೆ ಎನ್ನಲೋ ಇಲ್ಲವೆನ್ನಲೋ ತಿಳಿಯದೆ ತಲೆಯಾಡಿಸಿದೆ.

ಆಕೆ ಗಂಟಲು ಹಿಡಿದುಕೊಂಡು ಒಂದೇ ಸಮನೆ ಏನೋ ಹೇಳುತ್ತಿದ್ದಳು. "ಉಸಿರು ಕಟ್ತಿದೆ ಅಂತ ಕಾಣುತ್ತೆ. ತಡ ಮಾಡೋಹಾಗಿಲ್ಲ" ಎನ್ನುತ್ತ ಡಾಕ್ಟರು ಪೆನಿಸಿಲಿನ್ ಇಂಜೆಕ್ಷನ್ ತೆಗೆದುಕೊಂಡರು. ಆಕೆ ಇನ್ನೂ ಜೋರಾಗಿ ಕೂಗಿದಳು. ಆ ಮಾತಿನ ರಭಸದಲ್ಲಿ ನನಗೆ ಸಿಕ್ಕಿದ್ದು ಒಂದೇ ತುಣುಕು, 'ಬೆಕಾಮ್ ಕೈನ ಲುಫ್ಟ್'. ಉಸಿರು ಸಿಗಲಿಲ್ಲ ಎನ್ನುವ ಭೂತಕಾಲ. ಈಗ ಸಿಗುತ್ತಿಲ್ಲ ಎನ್ನಬೇಕಿದ್ದರೆ 'ಬೆಕಾಮ್' ಬದಲು 'ಬೆಕೊಮ' ಎನ್ನಬೇಕಿತ್ತು. ನನ್ನ ಕಿವಿಗೆ ಬಿದ್ದದ್ದು ಯಾವುದು? ಪೂರ್ತಿ ವಾಕ್ಯ ಕಟ್ಟುವಷ್ಟು ಸಮಯವಿರಲಿಲ್ಲ.

"ಡಾಕ್ಟ್ರೇ, ಒಂದು ನಿಮಿಷ ಇರಿ" ಎಂದವಳೇ ಆಕೆಯ ಕಡೆ ತಿರುಗಿ "ಯಾವಾಗ? ಇವತ್ತಾ?" ಎಂದು ಜರ್ಮನ್ನಿನಲ್ಲಿ ಕೇಳಿಬಿಟ್ಟೆ.

ಆಕೆ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಇಲ್ಲ, ಇಲ್ಲ, ಜರ್ಮನಿಯಲ್ಲಿ ಎಂದಳು. ಮುಂದಿನ ಪದ ನನಗೆ ಗೊತ್ತಿರಲಿಲ್ಲ. ಡಾಕ್ಟರ ಕೈಯಲ್ಲಿದ್ದ ಸಿರಿಂಜನ್ನು ತೋರಿಸಿ ಅದೇ ಪದ ಮತ್ತೆ ಹೇಳಿದಳು.

"ಈಗಿನ ಮಾತಲ್ಲ ಡಾಕ್ಟ್ರೇ. ಹಿಂದೆ ಅವರೂರಲ್ಲಿ ಇಂಜೆಕ್ಷನ್ ಕೊಟ್ಟಾಗ ಉಸಿರು ಕಟ್ಟಿತ್ತಂತೆ" ಎಂದೆ. "ಪೆನಿಸಿಲಿನ್ನಾ?" ಎಂದು ಡಾಕ್ಟರು ಆಕೆಯನ್ನೇ ಕೇಳಿದರು. ಔಷಧಿಯ ಹೆಸರು ಆಕೆಗೆ ಅರ್ಥವಾಯಿತು. ಹೌದೆಂದು ತಲೆಯಾಡಿಸುತ್ತ ಅತ್ತಳು. ಡಾಕ್ಟರು ಸಿರಿಂಜನ್ನು ಟ್ರೇಯಲ್ಲಿಟ್ಟರು.

ಬೇರೆ ಔಷಧಿಯಲ್ಲಿ ಆಕೆ ಗುಣವಾದಳು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ತಪ್ಪಾಗಿ ಕೇಳಿಸಿಕೊಂಡಿದ್ದರೆ? ಸಂಕೋಚಪಟ್ಟು ಸುಮ್ಮನಿದ್ದಿದ್ದರೆ? ಮರುವಾರವೇ ಹೋಗಿ ನಡು ತರಗತಿಯಲ್ಲಿ ಮತ್ತೆ ಕೂತೆ. ಭಾನುವಾರಗಳಲ್ಲಿ ಆಕೆಯ ಜೊತೆ ದೇವರಾಜ ಮೊಹಲ್ಲಾದ ಅಂಗಡಿಗಳನ್ನು ಸುತ್ತಿದೆ. ನಾನು ತಪ್ಪುತಪ್ಪಾಗಿ ಮಾತಾಡುತ್ತಿದ್ದೆ. ಆಕೆ ನಗುತ್ತ ತಿದ್ದುತ್ತಿದ್ದಳು, ಕೆಲವು ಸಲ ತಿದ್ದುವುದನ್ನೂ ಮರೆತು ತನ್ನ ತಂಗಿಯ ಜಗಳದ ಕತೆ ಹೇಳುತ್ತಿದ್ದಳು.

ಮುಂದಿನ ಮಾತಿನ ಪರೀಕ್ಷೆಯಲ್ಲಿ ಎರಡು ಕಡೆ ತಪ್ಪಿದೆನೆಂದು ಗೊತ್ತಾದರೂ ನಿಲ್ಲಿಸಲಿಲ್ಲ. ಪಾಸಾದೆ. ಮೇಲಿನ ತರಗತಿಯ ಮೊದಲ ದಿನ ಮೇಷ್ಟ್ರು ಹೇಳಿದ್ದರಲ್ಲಿ ಅರ್ಧ ಅರ್ಥವಾಗಲಿಲ್ಲ. ಕೈ ಎತ್ತಿ, ಮತ್ತೊಮ್ಮೆ ಹೇಳಿ ಎಂದೆ.