ಇರುವೆಗಳ ಮೂಲೆ

ಕೆಂಭಾವಿಯಲ್ಲಿ ಹುಟ್ಟಿ ಸಗರಕ್ಕೆ ಸೊಸೆಯಾಗಿ ಬಂದವಳು ನಾನು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಈಗಲೂ ಅಲ್ಲೇ ಇದೆ. ಆ ಸಿಟ್ಟಿನಿಂದ ನಮ್ಮ ಮನೆಯಲ್ಲಿ ಆದ ಒಂದು ಒಳ್ಳೆಯ ಕೆಲಸದ ಮಾತು ಇದು.

ಹೊಲಕ್ಕೆ ಕಾಲುವೆ ನೀರು ಬಂದ ವರ್ಷ ಮಾವ ಜೋಳಕ್ಕೆ ಕೈಮುಗಿದು ಪೂರ್ತಿ ಭತ್ತಕ್ಕೆ ಇಳಿದರು. ದಿಬ್ಬ ತೆಗೆಸಿ, ಹೊಲವನ್ನು ತಾಟಿನಂತೆ ಮಟ್ಟ ಮಾಡಿಸಿದರು. ಕಾಲುವೆಯನ್ನು ನಾನು ಬೈಯಲಾರೆ. ಬೇಸಿಗೆಯೆಲ್ಲ ಕೊಡ ಹೊತ್ತು ಸವೆದ ನಡ ನನ್ನದೇ. ಆದರೆ ಎಳ್ಳಮಾವಾಸ್ಯೆ ಬಂದಾಗ ಏನೋ ಮರೆತಿದ್ದೇವೆ ಎಂದು ಗೊತ್ತಾಯಿತು.

ಆ ದಿನ ನಮ್ಮ ಕಡೆ ಅಡುಗೆಯನ್ನು ಹೊಲಕ್ಕೆ ಒಯ್ದು, ಪೂಜೆ ಮಾಡಿ, ನಾವು ಉಣ್ಣುವ ಮುಂಚೆ ಅದನ್ನೇ ಚರಗವೆಂದು ಹೊಲದ ತುಂಬ ಚೆಲ್ಲುತ್ತೇವೆ. ಭೂಮಿತಾಯಿಗೆ ಎಂದು ಹೇಳುತ್ತೇವೆ. ತಿನ್ನುವವು ಇರುವೆ, ಕಾಗೆ, ಗುಬ್ಬಿ, ಇಲಿ. ಮಾವ ರೂಢಿಯಂತೆ ಬುಟ್ಟಿ ಹಿಡಿದು ಚೆಲ್ಲುತ್ತ ಹೊರಟರು. ಎರಡನೇ ಬೆಳೆಯ ನಾಟಿಗೆಂದು ನೀರು ನಿಲ್ಲಿಸಿದ ಗದ್ದೆ, ಬದುಗಳಿಗೂ ಹಸಿ ಕೆಸರು ಮೆತ್ತಿತ್ತು. ಸಜ್ಜಿ ಕಡುಬು ಬುಳಕ್ಕನೆ ಮುಳುಗಿತು, ಭಜ್ಜಿ ತೇಲಿತು. ಗಂಡ, ಮೈದುನ ನಕ್ಕರು. ಕೋಳಿ ಕೂಗುವ ಮುಂಚೆ ಎದ್ದು ತಟ್ಟಿದವಳಿಗೆ ನಗು ಎಲ್ಲಿಂದ ಬರಬೇಕು?

“ಮಾವಾರ, ಇರಬಿ ಈಸಿ ಬಂದು ಉಣಬೇಕೇನ್ರಿ?”

ಸೊಸೆ ಎದುರು ಮಾತಾಡಿದ್ದು ಅದೇ ಮೊದಲು. ಇರಬಿಯಿಂದ ನಮಗೇನು ಉಪಯೋಗ ಎಂದು ಮಾವ ಕೇಳಿದರು.

“ನಮ್ಮಿಂದ ಇರಬಿಗೇನ್ ಉಪಯೋಗ ಆಗೇದ್ರಿ?”

ಮನುಷ್ಯ ನಿಸರ್ಗದ ಒಡೆಯನಲ್ಲ, ಅದರೊಳಗಿನ ಒಂದು ಜೀವ ಮಾತ್ರ; ಉಳಿದ ಜೀವಗಳ ಬೆಲೆಯನ್ನು ನಮ್ಮ ಲಾಭದ ತಕ್ಕಡಿಯಲ್ಲಿ ತೂಗಬಾರದು ಎಂಬ ತತ್ವವನ್ನು ಎಷ್ಟೋ ವರ್ಷಗಳ ಮೇಲೆ ಮಗಳ ಕಾಲೇಜು ಪುಸ್ತಕದಲ್ಲಿ ಓದಿದೆ. ಇದನ್ನು ನಾನು ಕೆಸರಲ್ಲಿ ನಿಂತು ಹೇಳಿದ್ದೆನಲ್ಲ ಎಂದು ಹೆಮ್ಮೆಪಟ್ಟೆ. ಹೆಮ್ಮೆಪಟ್ಟರೆ ತಪ್ಪೇನು? ಮಾವನಿಗೆ ಆ ಹೊಲ ಅವರ ಅಜ್ಜನಿಂದ ಬಂದದ್ದು. ಇರುವೆಗಳಿಗೆ ಅದಕ್ಕೂ ಹಿಂದಿನಿಂದ ಬಂದದ್ದು.

ಆ ದಿನ ಮಾತ್ರ ಗೆದ್ದವರು ಮಾವ; ಬುಟ್ಟಿಯಲ್ಲಿ ಉಳಿದದ್ದನ್ನೂ ನೀರಿಗೇ ಚೆಲ್ಲಿದರು. ಊಟ ಮಾಡಿ ಮನೆಗೆ ಬಂದೆವು.

ಮುಂದಿನ ಮುಂಗಾರಿಗೆ ಕಾಲುವೆಗೆ ನೀರು ಬಿಡುವ ಮುಂಚೆ ಅತ್ತೆಯ ಮೂಲಕ ಹೇಳಿಕಳಿಸಿದೆ: ಮೂಡಣ ಮೂಲೆಯನ್ನು ಒಣ ಬಿಟ್ಟು ಜೋಳ ಹಾಕದಿದ್ದರೆ ಈ ಸಲ ಚರಗಕ್ಕೆ ಒಲೆ ಹಚ್ಚುವುದಿಲ್ಲ. ಚರಗವಿಲ್ಲದ ಎಳ್ಳಮಾವಾಸ್ಯೆ ಎಂದರೆ ಊರು ಆಡಿಕೊಳ್ಳದೆ ಬಿಡುತ್ತದೆಯೇ? ಸೊಸೆ ತಲೆ ಮೇಲೆ ಮೆಣಸು ಅರೆಯುತ್ತಾಳೆ ಎಂದು ಮಾವ ಗೊಣಗಿದರು. ಹಾಗಾದರೆ ಸಜ್ಜಿ ಹಸನು ಮಾಡುವವಳು ತಾನೂ ಅಲ್ಲ ಎಂದು ಅತ್ತೆ ಬಂದು ನನ್ನ ಪಕ್ಕ ಕೂತರು.

ನಾಟಿಯಲ್ಲಿ ಆ ಮೂಲೆ ಖಾಲಿ ಉಳಿಯಿತು. ಸಸಿ ಸಾಲಲಿಲ್ಲ ಎಂದರು ಮಾವ. ನಾನು ನಂಬಲಿಲ್ಲ, ಕೇಳಲೂ ಇಲ್ಲ. ಹಿಂಗಾರಿ ಬಿತ್ತಿಗೆಯ ಹೊತ್ತಿಗೆ ಒಂದು ಬೆಳಿಗ್ಗೆ ನೋಡಿದರೆ, ಮಾವ ಭತ್ತ ಬಂದಾಗಿನಿಂದ ಗೋಡೆಗೆ ಒರಗಿದ್ದ, ಜೋಳ ಬಿತ್ತುವ ಕೂರಿಗೆಯನ್ನು ಅಂಗಳಕ್ಕೆ ತಂದು ಒರೆಸುತ್ತಿದ್ದಾರೆ. ಭತ್ತಕ್ಕೆ ಕೂರಿಗೆ ಬೇಕಿಲ್ಲ. ಚಹಾ ಕೊಟ್ಟು ಒಳಗೆ ಬಂದೆ. ಅತ್ತೆಯ ಕೈಹಿಡಿದು ಕುಣಿಯುವುದೊಂದು ಬಾಕಿ!

ಆ ಎಳ್ಳಮಾವಾಸ್ಯೆಗೆ ನಾವಿಬ್ಬರೂ ಮಾಡಿದಷ್ಟು ಅಡುಗೆಯನ್ನು ಮದುವೆಯಲ್ಲೂ ಮಾಡಿರಲಿಲ್ಲ. ಮೂಲೆಯ ಜೋಳ ಆಳೆತ್ತರ ನಿಂತಿತ್ತು. ತೆನೆಗಳಿಗೆ ಗುಬ್ಬಿಗಳು ಮುತ್ತಿದ್ದವು, ಯಾರೂ ಕವಣೆ ಬೀಸಲಿಲ್ಲ. ಮಾವ ಚರಗ ಚೆಲ್ಲುತ್ತ ಸಾಲುಗಳ ನಡುವೆ ಹೋದರು, ನಾನು ತಂಬಿಗೆಯಿಂದ ನೀರು ಚಿಮುಕಿಸುತ್ತ ಹಿಂದೆ ನಡೆದೆ. ಒಂದು ಕಡೆ ಬಿರಿದ ಎರೆಮಣ್ಣಿನ ಬಾಯಿಂದ ಇರುವೆಗಳ ಸಾಲು ಹೊರಟಿತ್ತು. ಮಾವ ನಿಂತರು. ಅವುಗಳ ಮೇಲೆ ನೀರು ಬೀಳದಂತೆ ನಾನು ತಂಬಿಗೆಯನ್ನು ಅತ್ತ ಸರಿಸಿದೆ. ಅವರು ಮೊಣಕಾಲೂರಿ ಕೂತು, ಕಡುಬನ್ನು ಸಣ್ಣಗೆ ಪುಡಿಮಾಡಿ ಇಟ್ಟರು.

“ಉಣ್ರವಾ, ಉಣ್ರಿ. ಈ ಸಲ ಈಸೋದು ಬ್ಯಾಡ.”