ಅಪ್ಪನ ಕಂಬಳಿ, ನನ್ನ ಹುಣಸೆಬೀಜ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಅಪ್ಪನ ಕರಿ ಕಂಬಳಿಗೆ. ಅದನ್ನು ದಾಟುವಂತಿಲ್ಲ, ಅದಕ್ಕೆ ಕಾಲು ತಾಗಿಸುವಂತಿಲ್ಲ. ಅಪ್ಪ ನಮ್ಮೂರು ಎಕ್ಕಂಬಿಯಿಂದ ಶಿರಸಿ ಪೇಟೆಗೆ ಎತ್ತಿನ ಗಾಡಿಯಲ್ಲಿ ಅಕ್ಕಿ ಚೀಲ ಸಾಗಿಸುತ್ತಿದ್ದ. ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಇಳಿಬಿಟ್ಟುಕೊಂಡರೆ ಮಳೆ ಎಷ್ಟು ಜಡಿದರೂ ಒಳಗೆ ಬೆಚ್ಚಗಿರುತ್ತಿತ್ತು. ಮಕ್ಕಳೇ, ನಿಮ್ಮ ಹಾಗೆ ಅಂಗಡಿಗೆ ಹೋಗಿ ಮಳೆ ಕೋಟು ತರುವ ಕಾಲ ಅದಲ್ಲ.

ವರ್ಷಕ್ಕೆ ಒಂದೇ ದಿನ ಆ ಕಂಬಳಿಯನ್ನು ತುಳಿಯಲು ನಮಗೆ ಅಪ್ಪಣೆ ಸಿಗುತ್ತಿತ್ತು. ಮಳೆಗಾಲ ಇನ್ನೇನು ಬಂತು ಎನ್ನುವಾಗ ಅಕ್ಕ ಅದನ್ನು ಹಳ್ಳಕ್ಕೆ ಹೊತ್ತು ತರುತ್ತಿದ್ದಳು. ಅವ್ವ ಇರಲಿಲ್ಲವಾದ್ದರಿಂದ ಮನೆಯ ಯಜಮಾನಿಕೆ ಅಕ್ಕನದೇ. ಮೊಣಕಾಲು ನೀರಿನಲ್ಲಿ ಇಬ್ಬರೂ ಕೈ ಹಿಡಿದು ದಬದಬ ತುಳಿಯುತ್ತಿದ್ದೆವು. ನೊರೆ ಬರಲೆಂದು ನಾನು ಅಂಟವಾಳದ ಕಾಯಿ ಹಾಕೋಣ ಎಂದರೆ ಅಕ್ಕ ಗದರುತ್ತಿದ್ದಳು. “ಬ್ಯಾಡ! ಕುರಿ ಜಿಡ್ಡು ಹೋತಂದ್ರ ಮಳಿ ಸೀದಾ ಒಳಗ ಬರ್ತೈತಿ.”

ಒಣಗಿದ ಮೇಲೆ ಕಂಬಳಿಗೆ ಹುಣಸೆಬೀಜದ ಸರಿ ಬಳಿಯಬೇಕು. ಬೀಜ ಹುರಿದು, ಕುಟ್ಟಿ ಸಿಪ್ಪೆ ಹಾರಿಸಿ, ನೆನೆಸಿ, ನುಣ್ಣಗೆ ರುಬ್ಬಿ, ಗಂಜಿಯ ಹಾಗೆ ಕುದಿಸುವುದು. ಹುರಿಯುವಾಗಿನ ಆ ಕಮ್ಮನೆ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು. ಅದನ್ನು ತೆಂಗಿನ ನಾರಿನಿಂದ ಬಳಿದು ಬಿಸಿಲಿಗೆ ಹಾಕಿದರೆ ಕಂಬಳಿ ಬಿಗಿಯಾಗಿ, ಬಿದ್ದ ನೀರು ಜಾರಿ ಹೋಗುತ್ತಿತ್ತು.

ಆ ವರ್ಷ ಹುಣಸೆಮರಗಳು ಸರಿಯಾಗಿ ಕಾಯಿ ಬಿಟ್ಟಿರಲಿಲ್ಲ. ಅಕ್ಕ ಮೊರದಲ್ಲಿದ್ದ ಬೀಜ ನೋಡಿ ಕೇಳಿದಳು, “ಇಷ್ಟ ಏನು? ಇನ್ನ ಎಲ್ಲಾರ ಅದಾವೇನವಾ?”

“ಇಲ್ಲ” ಎಂದೆ.

ಇದ್ದವು! ಕಣಜದ ಹಿಂದೆ ಒಂದು ಕುಡಿಕೆ ತುಂಬ. ಬೀಜಗಳನ್ನು ಮೇಲೆ ಹಾರಿಸಿ ಮುಂಗೈ ಮೇಲೆ ಹಿಡಿಯುವ ಆಟದಲ್ಲಿ ನಾನು ಬೇಸಿಗೆಯಿಡೀ ಓಣಿಯ ಹುಡುಗಿಯರನ್ನೆಲ್ಲ ಸೋಲಿಸಿ ಗೆದ್ದ ಬೀಜ ಅವು. ಅಕ್ಕನಿಂದಲೇ ಅರ್ಧ ಗೆದ್ದಿದ್ದೆ. ಕೊಡಲು ಮನಸ್ಸು ಬರಲಿಲ್ಲ. ಅಕ್ಕ ಇದ್ದಷ್ಟಕ್ಕೇ ನೀರು ಹೆಚ್ಚು ಸೇರಿಸಿ ತೆಳ್ಳಗೆ ಸರಿ ಬಳಿದಳು.

ಮೊದಲ ದೊಡ್ಡ ಮಳೆಯ ದಿನ ಅಪ್ಪ ಶಿರಸಿಯಿಂದ ಬಂದವನು ಜಗುಲಿಯಲ್ಲಿ ನಿಂತು ಗಡಗಡ ನಡುಗುತ್ತಿದ್ದ. ಕಂಬಳಿ ಹಿಂಡಿದರೆ ಕೊಡ ನೀರು. ಮರುದಿನ ಮೈ ಕೆಂಡದಂತೆ ಸುಡುತ್ತಿತ್ತು. “ಕಂಬಳಿಗಿ ವಯಸ್ಸಾತು, ಅದಕ್ಕೇನ ಅನ್ನೋದು” ಎಂದು ಅಪ್ಪ ನಗಲು ನೋಡಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗಾಯಿತು ನನಗೆ. ಅವ್ವ ಹೋದದ್ದೂ ಜ್ವರದಲ್ಲೇ. ಕುಡಿಕೆ ತಂದು ಅಕ್ಕನ ಮುಂದೆ ಇಟ್ಟು ಅತ್ತುಬಿಟ್ಟೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೀಜ ಹುರಿಯಲು ಕೂತಳು. ಹೊರಗೆ ಬಿಸಿಲಿಲ್ಲದ್ದರಿಂದ ಗಟ್ಟಿ ಸರಿ ಬಳಿದ ಕಂಬಳಿಯನ್ನು ಒಲೆಯ ಮೇಲೆ ಗಳಕ್ಕೆ ಹಾಕಿ ಮೂರು ದಿನ ಒಣಗಿಸಿದೆವು. ಅಷ್ಟರಲ್ಲಿ ಅಪ್ಪನ ಜ್ವರವೂ ಬಿಟ್ಟಿತು. ಗಾಡಿ ಹೂಡುವ ಮೊದಲು ಅವನು ನನ್ನನ್ನು ಕರೆದು ಅಂಗೈಯಲ್ಲಿ ಐದು ಬೀಜ ಇಟ್ಟ. ಅಕ್ಕ ಎಲ್ಲವನ್ನೂ ಹೇಳಿದ್ದಳು. ಐದನ್ನು ತೆಗೆದಿಡಲು ಹೇಳಿದವನು ಅಪ್ಪನೇ ಅಂತೆ.

“ಆಟಕ್ಕ ಐದರ ಬೇಕಲ್ಲೇನವಾ” ಎಂದ. ಆಮೇಲೆ ಕೊಪ್ಪೆ ಹೊದ್ದು ಮಳೆಯೊಳಗೆ ಗಾಡಿ ಹೊಡೆದ. ನೀರು ಕಂಬಳಿಯ ಮೇಲಿಂದ ಜಾರಿ ಹೋಗುವುದನ್ನು ತಿರುವಿನವರೆಗೂ ನೋಡುತ್ತ ನಿಂತಿದ್ದೆ.

ಮುಂದಿನ ಬೇಸಿಗೆಗೆ ಅಕ್ಕನ ಮದುವೆಯಾಯಿತು. ಆ ವರ್ಷ ಕಂಬಳಿಯನ್ನು ಹಳ್ಳದಲ್ಲಿ ನಾನೊಬ್ಬಳೇ ತುಳಿದೆ. ಕೈ ಹಿಡಿಯುವವರಿಲ್ಲದೆ ಎರಡು ಸಲ ಜಾರಿ ಬಿದ್ದೆ. ಐದು ಬೀಜ ಇದ್ದವು, ಎದುರಿಗೆ ಕೂರಲು ಅಕ್ಕ ಇರಲಿಲ್ಲ.

ಮೊನ್ನೆ ನಿಮ್ಮ ಮಳೆ ಕೋಟಿನೊಳಗೆ ನೀರು ಬಂತೆಂದು ನಿಮ್ಮಪ್ಪ ಅದನ್ನು ಒಗೆದು, ಬಾಟಲಿಯಿಂದ ಏನೋ ಪುಸ್ ಪುಸ್ ಎಂದು ಹೊಡೆದು ಒಣಗಿಸಿದ. ಒಂದು ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಒಳ್ಳೆಯದೇ, ನೀವು ನೆನೆಯುವುದು ನನಗೇನೂ ಬೇಕಿಲ್ಲ. ಆದರೆ ಆ ಒದ್ದೆ ಕಂಬಳಿಯ ಕುರಿ ವಾಸನೆ ಈಗ ಎಲ್ಲಿ ಸಿಗುತ್ತದೆ? ಅಂಥ ಕಂಬಳಿ ಸಿಕ್ಕರೆ ಅದರಲ್ಲಿ ಮುಖ ಮುಚ್ಚಿಕೊಂಡು ಕೂತುಬಿಡುತ್ತೇನೆ. ಅಪ್ಪನೂ ಅಕ್ಕನೂ ಅದರೊಳಗೇ ಇದ್ದಾರೆ ಅನ್ನಿಸುತ್ತದೆ.

ಈಗ ಹುಣಸೆಹಣ್ಣು ಬೀಜ ತೆಗೆದೇ ಪೊಟ್ಟಣದಲ್ಲಿ ಬರುತ್ತದೆ. ಅಪರೂಪಕ್ಕೊಮ್ಮೆ ಒಂದು ಬೀಜ ಕಣ್ತಪ್ಪಿಸಿಕೊಂಡು ಬಂದರೆ ನಾನು ತೊಳೆದು ಡಬ್ಬಿಯಲ್ಲಿ ಇಡುತ್ತೇನೆ. ಅಜ್ಜಿಗೆ ಅರಳುಮರಳು ಎಂದು ನೀವು ನಗುತ್ತೀರಿ, ನನಗೆ ಗೊತ್ತು. ನಾಲ್ಕು ಆಗಿವೆ. ಐದನೆಯದು ಸಿಕ್ಕ ದಿನ ಕರೆಯುತ್ತೇನೆ, ಯಾರಾದರೊಬ್ಬರು ಬಂದು ಅಕ್ಕ ಕೂರುತ್ತಿದ್ದ ಹಾಗೆ ನನ್ನೆದುರು ಕೂರಿ.